ಅಮಾಸಿ ಕತ್ತಲೆಯ ನೆಮ್ಮದಿ: ನಿಸರ್ಗ ಪ್ರತಿಮೆ ಮತ್ತು ದಲಿತ ಹಂಬಲ

ಕೆಲವು ವರ್ಷಗಳ ಹಿಂದೆ ವಿಜಯಪುರದಲ್ಲಿ ನಡೆದ ಒಂದು ಸಣ್ಣ ಕವಿಗೋಷ್ಠಿ. ಟಿಕೋಟಾ ಕಡೆಯ ಹಳ್ಳಿಯಿಂದ ಬಂದಿದ್ದ, ಕಾಲೇಜು ಓದುವ ನಮ್ಮ ಕೇರಿಯ ಹುಡುಗಿಯೊಬ್ಬಳು ಕವನ ಓದಿದಳು. ಕವನದಲ್ಲಿ ಒಂದು ಬೇವಿನ ಮರ, ಮುಂಗಾರಿ ಮಳೆ, ತಗಡಿನ ಮನೆ, ಮರದ ಕೆಳಗೆ ಸುಮ್ಮನೆ ಕೂತ ಅವ್ವ. ಇಷ್ಟೇ. ಓದಿ ಮುಗಿದ ಮೇಲೆ ಅಧ್ಯಕ್ಷತೆ ವಹಿಸಿದ್ದ ಹಿರಿಯರು, ನಿಸರ್ಗದ ಚೆಲುವನ್ನು ಕಂಡ ಶಾಂತವಾದ ಕವನ, ಇಂಥದ್ದನ್ನೇ ಬರೀಬೇಕು ಎಂದು ಮೆಚ್ಚಿಕೊಂಡರು. ಸಭೆಯಲ್ಲಿದ್ದ ನಮ್ಮದೇ ಸಂಘಟನೆಯ ಗೆಳೆಯನೊಬ್ಬ ಎದ್ದು ನಿಂತು, "ತಂಗೀ, ಇದರಾಗ ದಲಿತ ಪ್ರಜ್ಞೆ ಎಲ್ಲೈತಿ? ಮಳಿ, ಗಿಡ, ಗಾಳಿ ಬರಿಯಾಕ ಮಂದಿ ಭಾಳ ಅದಾರ" ಎಂದ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾಕ್ರೀ ಅಣ್ಣಾ, ನಮ್ಮ ಓಣ್ಯಾಗ ಮಳಿ ಬರಂಗಿಲ್ಲೇನ್ರಿ?" ಎಂದು ಕೇಳಿ ಕೂತುಬಿಟ್ಟಳು.

ಮಂದಿ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೆಚ್ಚಿಕೊಂಡ ಹಿರಿಯರೂ ಆಕ್ಷೇಪಿಸಿದ ಗೆಳೆಯನೂ ಒಂದೇ ನಂಬಿಕೆಯ ಮೇಲೆ ನಿಂತಿದ್ದರು. ನಿಸರ್ಗವೆಂದರೆ ಜಾತಿಯಿಲ್ಲದ, ಜಗಳವಿಲ್ಲದ, ಎಲ್ಲರಿಗೂ ಒಂದೇ ಆದ ಶಾಂತಿಯ ತಾವು ಎಂಬ ನಂಬಿಕೆ ಅದು. ಒಬ್ಬರು ಅದಕ್ಕಾಗಿಯೇ ಕವನವನ್ನು ಹೊಗಳಿದರು, ಇನ್ನೊಬ್ಬ ಅದಕ್ಕಾಗಿಯೇ ತೆಗಳಿದ. ಇಬ್ಬರೂ ಕವನವನ್ನು ಓದಲಿಲ್ಲ. ಈ ಲೇಖನ ಆ ಹುಡುಗಿಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ನಮ್ಮ ಹಳೆಯ ಕಾವ್ಯಮೀಮಾಂಸೆಯನ್ನು ಸ್ವಲ್ಪ ತಡವಿ ನೋಡೋಣ. ಅದರ ಪ್ರಕಾರ ಚಂದ್ರ, ಉದ್ಯಾನ, ತಂಗಾಳಿ, ಕೋಗಿಲೆ ಇವೆಲ್ಲ ಉದ್ದೀಪನ ವಿಭಾವಗಳು. ಎದೆಯೊಳಗೆ ಮೊದಲೇ ಇರುವ ಭಾವವನ್ನು ಕೆರಳಿಸುವುದು ಅವುಗಳ ಕೆಲಸ. ಅಗಲಿದವರ ಹಂಬಲವಾದ ವಿಪ್ರಲಂಭ ಶೃಂಗಾರಕ್ಕೆ ಬೆಳದಿಂಗಳು ಬೇಕು, ತಂಗಾಳಿ ಬೇಕು. ಅಭಿನವಗುಪ್ತ ದೊಡ್ಡದಾಗಿ ಎತ್ತಿಹಿಡಿದ ಶಾಂತರಸಕ್ಕೂ ಇಂಥದೇ ಸಾಮಗ್ರಿ ಬೇಕು. ಅದಕ್ಕೆ ಲಾಕ್ಷಣಿಕರು ಹೇಳುವ ಉದ್ದೀಪನಗಳೆಂದರೆ ಪುಣ್ಯಾಶ್ರಮ, ತೀರ್ಥಕ್ಷೇತ್ರ, ರಮ್ಯವಾದ ವನ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಶಾಂತಿಯನ್ನು ಉಕ್ಕಿಸುವ ಈ ತಾವುಗಳ ಪಟ್ಟಿಯನ್ನು ನಮ್ಮ ಓಣಿಯ ಒಬ್ಬ ಮುದುಕನ ಮುಂದೆ ಓದಿದರೆ, ತನ್ನನ್ನು ಒಳಗೆ ಬಿಡದ ಜಾಗಗಳ ಪಟ್ಟಿಯನ್ನು ಯಾರೋ ಓದುತ್ತಿದ್ದಾರೆ ಎಂದೇ ಆತ ತಿಳಿದಾನು. ಆಶ್ರಮಕ್ಕೆ ಪ್ರವೇಶವಿಲ್ಲ. ತೀರ್ಥವನ್ನು ಮುಟ್ಟುವಂತಿಲ್ಲ. ವನಕ್ಕೆ ಹೋದರೆ ಸೌದೆ ಕಡಿಯಲು ಹೋಗಬೇಕು. 'ಸಹೃದಯ' ಎಂಬ ಓದುಗನನ್ನು ನಮ್ಮ ಮೀಮಾಂಸೆ ಕಟ್ಟಿಕೊಂಡಿತಲ್ಲ, ಅವನು ಹೊಟ್ಟೆ ತುಂಬಿದ, ಕೆರೆಯ ದಂಡೆಯ ಮೇಲೆ ಕೂಡಲು ಯಾರನ್ನೂ ಕೇಳಬೇಕಿಲ್ಲದ ಸಹೃದಯ.

ಇದು ಹಳೆಯ ಕಾಲದ ಮಾತು, ನವೋದಯದಲ್ಲಿ ಎಲ್ಲ ಬದಲಾಯಿತು ಎನ್ನುವವರಿದ್ದಾರೆ. ಹಾಗಾದರೆ ನಮ್ಮ ಭಾಗದ ಕೆಲವು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಆಗ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು, 1956ರವರೆಗೂ ಸೇರಿತ್ತು. 1923ರಲ್ಲಿ ಎಸ್. ಕೆ. ಬೋಲೆಯವರು ಮುಂಬೈ ಶಾಸನ ಸಭೆಯಲ್ಲಿ ಒಂದು ಗೊತ್ತುವಳಿ ತಂದರು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ, ನಡೆಸುವ ಕೆರೆ ಬಾವಿ ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದರ ಸಾರ. ಕಾಗದದ ಮೇಲೆ ಅದು ಮಹಾಡಕ್ಕೆ ಎಷ್ಟು ಅನ್ವಯಿಸುತ್ತಿತ್ತೋ ಬಿಜಾಪುರಕ್ಕೂ ಅಷ್ಟೇ ಅನ್ವಯಿಸುತ್ತಿತ್ತು. ಆ ಕಾಗದದ ಮಾತು ನಿಜವಾಗಲಿಲ್ಲವೆಂದೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಂದಿಗೆ ನಡೆದು ನೀರು ಕುಡಿದರು. ಕೆರೆಯಿಂದ ಹಿಂದಿರುಗಿದವರ ಮೇಲೆ ಕಲ್ಲು ದೊಣ್ಣೆ ಬಿದ್ದವು. ಆಮೇಲೆ ಸವರ್ಣೀಯರು ಆ ಕೆರೆಯನ್ನು 'ಶುದ್ಧಿ' ಮಾಡಿಕೊಂಡರು.

ಇದಾದ ನಾಲ್ಕೈದು ವರ್ಷಗಳಲ್ಲೇ ಇದೇ ಪ್ರಾಂತದ ಕನ್ನಡ ಕಾವ್ಯ ತನ್ನ ಅತ್ಯಂತ ಚೆಲುವಾದ ನಿಸರ್ಗ ಗೀತೆಗಳನ್ನು ಹೊರತಂದಿತು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಬಂತು. ಬೇಂದ್ರೆಯವರ 'ಗರಿ' 1932ರಲ್ಲಿ ಬಂತು, ಅದರೊಳಗೆ 'ಬೆಳಗು' ಇತ್ತು. ನಮ್ಮದೇ ಜಿಲ್ಲೆಯ ಹಲಸಂಗಿಯ ಮಧುರಚೆನ್ನರು (1903–1953) 'ನನ್ನ ನಲ್ಲ' ಬರೆದರು. ಅರವಿಂದರ ದಾರಿಯಲ್ಲಿ ನಡೆದ ಅವರ ಹಂಬಲ ಸುಳ್ಳಿನದಲ್ಲ. ಕಾಣದ ನಲ್ಲನಿಗಾಗಿ ಈ ಬಯಲುಸೀಮೆಯ ಒಬ್ಬ ಹಳ್ಳಿಯ ಮನುಷ್ಯ ಅಷ್ಟು ಸುಟ್ಟುಕೊಂಡದ್ದು ಕನ್ನಡಕ್ಕೆ ದೊಡ್ಡ ಲಾಭ. ನಾನು ಅದನ್ನು ಓದಿ ಬೆಳೆದವನು, ಈಗಲೂ ಓದುತ್ತೇನೆ. ಆದರೆ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅದೇ ದಶಕದಲ್ಲಿ ಒಂದು ಕೆರೆಯ ನೀರಿಗಾಗಿ ಮಂದಿ ತಲೆ ಒಡೆಸಿಕೊಂಡಿದ್ದರು. ಆ ಕೆರೆಯ ಮೇಲೆ ಮೂಡಿದ ಬೆಳಗು ನಮ್ಮ ನವೋದಯದ ಬೆಳಗಿನಲ್ಲಿ ಯಾಕೆ ಕಾಣಿಸಲಿಲ್ಲ? ಕವಿಗಳು ಕೆಟ್ಟವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಶಾಂತಿಯನ್ನು ನೋಡಲು ಅವರು ನಿಂತ ಜಾಗದಿಂದ ಊರ ಹೊರಗಿನ ಓಣಿ ಕಾಣುತ್ತಿರಲಿಲ್ಲ, ಇಷ್ಟೇ.

'ಗರತಿಯ ಹಾಡು' ಎಂಬ ಹೆಸರನ್ನೇ ನೋಡಿ. ಬೀಸುವ ಕಲ್ಲಿನ ಮುಂದೆ ಕೂತು ತವರಿನ ದಾರಿ, ಬಳ್ಳಿ, ಹೊಳೆ, ಮಲ್ಲಿಗೆ ಎಂದು ಹಂಬಲಿಸಿದ ಹೆಣ್ಣುಮಕ್ಕಳ ದನಿಯನ್ನು ಆ ಗೆಳೆಯರು ಉಳಿಸಿಕೊಟ್ಟರು. ಅದು ಸಣ್ಣ ಕೆಲಸವಲ್ಲ. ಆದರೆ 'ಗರತಿ' ಎಂಬ ಮಾತು ಮನೆ, ಮಾನ, ಮರ್ಯಾದೆಗಳ ಮಾತು. ಬಿಸಿಲಲ್ಲಿ ಸಾಲು ಹಿಡಿದು ಕಸ ತೆಗೆಯುತ್ತ ಹಾಡಿದ ಕೂಲಿಯ ಹೆಣ್ಣುಮಗಳನ್ನು ಊರು ಎಂದಾದರೂ ಗರತಿ ಎಂದು ಕರೆದಿತ್ತೇ? ಹಾಡು ಅವಳ ಬಾಯಲ್ಲೂ ಇತ್ತು. ಬಿರುದು ಮಾತ್ರ ಅವಳದಾಗಿರಲಿಲ್ಲ.

ಈಗ ನನ್ನ ಆಯಿಯ ಮಾತಿಗೆ ಬರುತ್ತೇನೆ. ನಮ್ಮ ಊರು ಬಬಲೇಶ್ವರ ಕಡೆಯ ಎರಿ ಸೀಮೆ. ಡೋಣಿ ಸಾಲಿನ ಕಪ್ಪು ಮಣ್ಣಿನಲ್ಲಿ ಬಿಳಿಜೋಳ ಎಷ್ಟು ಬೆಳೆಯುತ್ತದೆ ಎಂದು ಊರವರು ಗಾದೆ ಕಟ್ಟಿ ಹೇಳುತ್ತಾರೆ. ಓಣಿಗೆಲ್ಲ ಕಾಳು ಸಾಕಾಗುತ್ತದಂತೆ. ಯಾವ ಓಣಿಗೆ ಎಂದು ಗಾದೆ ಹೇಳುವುದಿಲ್ಲ. ನಮ್ಮ ಓಣಿಗೆ ಬರುತ್ತಿದ್ದುದು ಕಣದಲ್ಲಿ ರಾಶಿ ಮುಗಿದ ಮೇಲೆ ಸಿಗುವ ಆಯದ ಜೋಳ, ತೆನೆ ಆಯ್ದ ಜೋಳ. ಆಯಿಯ ಹರೆಯದಲ್ಲಿ ಊರ ಬಾವಿಯ ಗಡಗಡಿ ನಾವು ಮುಟ್ಟುವಂತಿರಲಿಲ್ಲ. ಕೊಡ ಇಟ್ಟು ದೂರ ನಿಂತು, "ನೀರ ನೀಡ್ರಿ ಯವ್ವಾ" ಎಂದು ಒದರಬೇಕು. ಯಾರಾದರೂ ಎತ್ತರದಿಂದ ಸುರಿಯಬೇಕು. ಸುರಿಯುವವರಿಗೆ ಪುರಸೊತ್ತು ಇಲ್ಲದಿದ್ದರೆ ಕೊಡವೂ ಆಯಿಯೂ ಬಿಸಿಲಲ್ಲಿ ಕಾಯಬೇಕು.

ನಾನು ಸಾಲಿಯಲ್ಲಿ ಬೆಳದಿಂಗಳ ಪದ್ಯವೊಂದನ್ನು ಬಾಯಿಪಾಠ ಮಾಡುತ್ತಿದ್ದಾಗ ಆಯಿ ಕೇಳಿಸಿಕೊಂಡು ಹೇಳಿದ ಮಾತು ಇದು: "ಬೆಳದಿಂಗಳು ಯಾಕ ಚಲೋ ಅಂತಾರೊ ಯಪ್ಪಾ. ಬೆಳದಿಂಗಳಾದ್ರ ರಾತ್ರೀನೂ ಕಣದಾಗ ದುಡಿಸ್ತಿದ್ರು. ನಮಗ ಅಮಾಸಿನ ಚಲೋ. ಕತ್ತಲಾಗ ಬಾವೀಗಿ ಹೋದ್ರ ಯಾರಿಗೂ ಕಾಣಂಗಿಲ್ಲ. ಕೈಯಾರ ಒಂದ ಕೊಡ ಸೇದಿಕೊಂಡು, ಅಲ್ಲೇ ಮಕಾ ತೊಳಕೊಂಡು, ಸ್ವಲ್ಪ ಕೂತು ಬರತಿದ್ನಿ."

ನಮ್ಮ ಆಲಂಕಾರಿಕರ ಯಾವ ಉದ್ದೀಪನ ವಿಭಾವದ ಪಟ್ಟಿಯಲ್ಲಿ ಈ ಅಮಾಸಿ ಕತ್ತಲೆ ಇದೆ? ಕತ್ತಲೆ ಎಂದರೆ ಅಜ್ಞಾನ, ಭಯ, ಪಾಪ ಎಂದು ನಮ್ಮ ಕಾವ್ಯ ಹೇಳಿಕೊಂಡು ಬಂದಿದೆ. ಬೆಳಕು ಎಂದರೆ ಶಾಂತಿ. ನನ್ನ ಆಯಿಗೆ ಅದು ತಿರುವುಮುರುವು. ಬೆಳಕು ಅವಳನ್ನು ಹಿಡಿದುಕೊಡುತ್ತಿತ್ತು, ಕತ್ತಲೆ ಸಲಹುತ್ತಿತ್ತು. "ಸ್ವಲ್ಪ ಕೂತು ಬರತಿದ್ನಿ" ಎಂಬ ಮಾತಿನಲ್ಲಿ ಎಷ್ಟು ನೆಮ್ಮದಿ ಇದೆಯೋ ಅಷ್ಟೇ ಹಂಬಲವೂ ಇದೆ. ಹಾಗೆ ಕೂಡುವುದು ದಿನದ ಬೆಳಕಿನಲ್ಲಿ ಆಗಬೇಕಿತ್ತು ಎಂಬ ಹಂಬಲ. ದಲಿತ ಕಾವ್ಯದ ನಿಸರ್ಗ ಪ್ರತಿಮೆಯನ್ನು ಓದುವ ಕೀಲಿಕೈ ಇದೇ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಶಾಂತಿ ಎಂದೂ ಪೂರ್ತಿ ಅಲ್ಲ, ಹಂಬಲ ಎಂದೂ ಬರೀ ಕನಸಲ್ಲ.

ಇನ್ನು ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. 1973ರ ಬೂಸಾ ಗಲಾಟೆ, ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ, 1975ರ 'ಹೊಲೆಮಾದಿಗರ ಹಾಡು', 1979ರ ಬಂಡಾಯ ಸಮ್ಮೇಳನ, ಇವೆಲ್ಲ ಕನ್ನಡದ ಎದೆಗೆ ಒದ್ದು ಎಬ್ಬಿಸಿದವು. ಕಾವ್ಯ ಆಯುಧವಾಗಬೇಕು ಎಂದು ಆಗ ಸಾರಿದೆವು. ಆದರೆ ಆ ಘೋಷಣೆಗೆ ಇನ್ನೊಂದು ಅರ್ಧ ಇತ್ತು. ಕಾವ್ಯ ಜನರ ನೋವಿಗೆ ಗೆಳೆಯನೂ ಆಗಬೇಕು ಎಂಬ ಅರ್ಧ. ನಾವು ಮೊದಲ ಅರ್ಧವನ್ನು ಗೋಡೆಗೆ ಬರೆದೆವು, ಎರಡನೆಯದನ್ನು ಮರೆತೆವು. ಮರೆತ ಮೇಲೆ ಏನಾಯಿತು? ಚಂದ್ರನನ್ನು ಬರೆದವನು ರೋಗಿಷ್ಠ, ಹೂವನ್ನು ಬರೆದವನು ಬ್ರಾಹ್ಮಣ್ಯಕ್ಕೆ ಬಲಿಯಾದವನು ಎಂಬ ಒಂದು ಸೋವಿ ತೀರ್ಪು ಹುಟ್ಟಿಕೊಂಡಿತು.

ಸಿದ್ಧಲಿಂಗಯ್ಯನವರನ್ನೇ (1954–2021) ತೆಗೆದುಕೊಳ್ಳಿ. ಅವರ ಎರಡನೆಯ ಸಂಕಲನದ ಹೆಸರು 'ಸಾವಿರಾರು ನದಿಗಳು' (1979). ಇಡೀ ದಲಿತ ಚಳವಳಿಗೆ ಸಿಕ್ಕ ಅತಿ ದೊಡ್ಡ ಪ್ರತಿಮೆ ಒಂದು ನಿಸರ್ಗ ಪ್ರತಿಮೆ ಎಂಬುದನ್ನು ನಾವು ಗಮನಿಸಲೇ ಇಲ್ಲ. ನದಿ ಅಲ್ಲಿ ದಂಡೆಯ ಮೇಲೆ ಕೂತು ನೋಡುವ ವಸ್ತು ಅಲ್ಲ. ಜನವೇ ನದಿ. ನೋಡುವವನು, ನೋಡಿಸಿಕೊಳ್ಳುವ ನಿಸರ್ಗ ಎಂಬ ಎರಡು ತುದಿಗಳನ್ನು ಅವರು ಒಂದು ಮಾಡಿಬಿಟ್ಟರು. ಶತಮಾನಗಳಿಂದ ನೀರು ಮುಟ್ಟಬಾರದೆಂದು ಹೇಳಿಸಿಕೊಂಡವರು ತಾವೇ ನೀರಾಗಿ ಹರಿದರು. ಇದಕ್ಕಿಂತ ದೊಡ್ಡ ಉತ್ತರವನ್ನು ಕಾವ್ಯ ಕೊಡಬಲ್ಲುದೇ? ಇದೇ ಕವಿ 1993ರಲ್ಲಿ 'ಬಾ ನಲ್ಲೆ ಮಧುಚಂದ್ರಕೆ' ಚಿತ್ರಕ್ಕೆ ಬೆಟ್ಟ, ಬೆಳದಿಂಗಳು, ಗೆಳತಿ ಎಂದು ಹಾಡು ಬರೆದಾಗ ಮೂಗು ಮುರಿದವರು ನಮ್ಮಲ್ಲಿ ಇದ್ದರು. ಆ ಹಾಡನ್ನು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ, ಟಿಕೋಟಾದ ಚಹಾದಂಗಡಿಗಳಲ್ಲಿ ನಮ್ಮ ಹುಡುಗರು ಗುನುಗಿದರು. ಸಿಟ್ಟಿನ ಕವಿ ಬೆಳದಿಂಗಳನ್ನೂ ಬರೆದ ಎಂಬುದು ಅವರಿಗೆ ದ್ರೋಹ ಅನ್ನಿಸಲಿಲ್ಲ. ಬೆಳದಿಂಗಳೂ ಈಗ ನಮ್ಮದೇ ಎಂದು ಅವರಿಗೆ ಅನ್ನಿಸಿರಬೇಕು. ಈ ವಿಷಯದಲ್ಲಿ ಚಹಾದಂಗಡಿಯ ವಿಮರ್ಶೆ ನಮ್ಮ ವಿಮರ್ಶೆಗಿಂತ ಒಂದು ಹೆಜ್ಜೆ ಮುಂದಿತ್ತು.

ನಮ್ಮ ಜಿಲ್ಲೆಯ ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿಯವರ ಮೊದಲ ದಿನಗಳ ಒಂದು ಸಂಕಲನದ ಹೆಸರು 'ಮೂಕನಿಗೆ ಬಾಯಿ ಬಂದಾಗ' (1982). ಬಾಯಿ ಬಂದ ಮೂಕ ಮೊದಲು ಏನು ಹೇಳಬೇಕು? ಬೈಗುಳವೇ ಮೊದಲು ಬರುತ್ತದೆ, ಬರಬೇಕು. ಆದರೆ ಬಾಯಿ ಬಂದವನು ಬೈಗುಳವೊಂದನ್ನೇ ಆಡುತ್ತಿರಬೇಕು ಎಂದು ಕಟ್ಟಳೆ ಮಾಡಿದರೆ ಅದು ಇನ್ನೊಂದು ಬಗೆಯ ಮೂಕತನ. ದಲಿತರ ಸಾಂಸ್ಕೃತಿಕ ನೆನಪಿನ ಸಂಪತ್ತನ್ನು ಕೈಬಿಡಬಾರದು ಎಂದು ಡಿ. ಆರ್. ನಾಗರಾಜ್ ವಾದಿಸಿದ್ದು ಸುಮ್ಮನೆ ಅಲ್ಲ. ಗಾಯದ ಸರ್ಟಿಫಿಕೇಟು ತೋರಿಸಿದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುವ ವಿಮರ್ಶೆ, ಹೊರಗೆ ನಿಲ್ಲಿಸುವ ಹಳೆಯ ಪದ್ಧತಿಯನ್ನೇ ಬೇರೆ ರೀತಿಯಲ್ಲಿ ನಡೆಸುತ್ತದೆ.

ಇಲ್ಲಿ ಇಬ್ಬರು ಕವಿಗಳನ್ನು ಎದುರುಬದುರು ಕೂಡಿಸಬೇಕೆನಿಸುತ್ತದೆ. ಸಾವಿರ ವರ್ಷದ ಹಿಂದೆ ಪಂಪ ಬನವಾಸಿಗಾಗಿ ಹಂಬಲಿಸಿದ. ಆ ತೋಟಗಳ ಸುಖ ಎಷ್ಟು ದೊಡ್ಡದೆಂದರೆ, ಮನುಷ್ಯನಾಗಿ ಆಗದಿದ್ದರೆ ಇನ್ನೊಂದು ಜೀವಿಯಾಗಿಯಾದರೂ ಅಲ್ಲೇ ಹುಟ್ಟಬೇಕು ಎಂಬುದು ಅವನ ಆಸೆ. ಕನ್ನಡದ ಹಂಬಲದ ಪದ್ಯಗಳಲ್ಲಿ ಅದಕ್ಕೆ ಮೊದಲ ಪಂಕ್ತಿ. ನಮ್ಮ ಕಾಲದಲ್ಲಿ ಮೂಡ್ನಾಕೂಡು ಚಿನ್ನಸ್ವಾಮಿಯವರು 'ನಾನೊಂದು ಮರವಾಗಿದ್ದರೆ' ಎಂದು ಬರೆದರು. ಅವರಿಗೂ ಮನುಷ್ಯಜನ್ಮ ಬಿಟ್ಟು ಇನ್ನೊಂದು ಜೀವವಾಗುವ ಆಸೆ. ಆದರೆ ಯಾಕೆ? ಗೂಡು ಕಟ್ಟುವ ಹಕ್ಕಿ ಮರದ ಜಾತಿ ಕೇಳುವುದಿಲ್ಲ, ಬಿಸಿಲಿಗೂ ಮಳೆಹನಿಗೂ ಅದರಿಂದ ಮೈಲಿಗೆಯಿಲ್ಲ ಎಂಬ ಕಾರಣಕ್ಕೆ. ಪಂಪನಿಗೆ ಮನುಷ್ಯತ್ವ ಹೆಚ್ಚಾಗಿ ಚೆಲ್ಲುತ್ತಿತ್ತು, ಅದು ಹೂವಿಗೂ ಹಕ್ಕಿಗೂ ಹರಿಯಿತು. ಚಿನ್ನಸ್ವಾಮಿಯವರ ಕವನದ ಮನುಷ್ಯನಿಗೆ ಮನುಷ್ಯತ್ವವೇ ಸಿಕ್ಕಿಲ್ಲ. ಅದಕ್ಕೆ ಮರದ ಹತ್ತಿರ ಸಾಲ ಕೇಳುತ್ತಾನೆ. ಅಲ್ಲಿಗೂ ನಿಲ್ಲುವುದಿಲ್ಲ. ಆ ಮರ ಕಡಿದು ಒಣಗಿ ಹೋಮಕ್ಕೆ ಬಿದ್ದರೆ, ಚಟ್ಟವಾಗಿ ನಾಲ್ಕು ಜನರ ಹೆಗಲೇರಿದರೆ ಎಂದು ಕವನ ಮುಂದೆ ಹೋಗುತ್ತದೆ. ಅಂದರೆ ಸತ್ತ ಕಟ್ಟಿಗೆಗೆ ಸಿಗುವ ಮರ್ಯಾದೆ ಜೀವಂತ ಮನುಷ್ಯನಿಗೆ ಇಲ್ಲ. ಕವನ ದನಿ ಎತ್ತುವುದಿಲ್ಲ. ಅದರ ಶಾಂತ ಮಾತೇ ಓದುವವನ ಮೈ ಉರಿಸುತ್ತದೆ. ನಿಸರ್ಗ ಪ್ರತಿಮೆಯಿಂದ ಶಾಂತಿ, ಹಂಬಲ ಎರಡೂ ಹುಟ್ಟುತ್ತವೆ ಎನ್ನುವವರು ಈ ಕವನವನ್ನು ಓದಿ, ಆಮೇಲೆ ಯಾವ ಶಾಂತಿ, ಎಂಥ ಹಂಬಲ ಎಂದು ಹೇಳಬೇಕು.

ಹಾಗಾದರೆ ನಿಸರ್ಗದ ಪದ್ಯ ಬಂದಾಗ ನಮ್ಮ ವಿಮರ್ಶೆ ಏನು ಕೇಳಬೇಕು? ಎರಡು ಪ್ರಶ್ನೆ ಸಾಕು ಎಂದು ನನ್ನ ತಿಳಿವಳಿಕೆ. ಈ ನೋಟವನ್ನು ನೋಡುವವನು ಎಲ್ಲಿ ನಿಂತಿದ್ದಾನೆ? ನೋಟದೊಳಗಿನ ದುಡಿಮೆ ಎಲ್ಲಿ ಹೋಯಿತು? ಜಾಲಿಯ ಹೂವು ಹಳದಿ ಗುಂಡಿಯಂತೆ ಚಂದ ಕಾಣುತ್ತದೆ, ನಿಜ. ಅದೇ ಜಾಲಿಯ ತೊಗಟೆಯಿಂದ ಚರ್ಮ ಹದ ಮಾಡಿದ ಕೈಗಳಿಗೆ ಮರದ ಇನ್ನೊಂದು ಬಣ್ಣ ಗೊತ್ತು. ಡೋಹರ ಕಕ್ಕಯ್ಯನ ವಾರಸುದಾರರು ಜಾಲಿಯನ್ನು ಬರೆದರೆ ಹೂವೂ ತೊಗಟೆಯೂ ಒಟ್ಟಿಗೆ ಬರಬೇಕು. ಎಳ್ಳ ಅಮಾಸಿಗೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಡಗರದ ಮೇಲೆ ನಮ್ಮ ಕಡೆ ಎಷ್ಟೋ ಪದ್ಯ ಬಂದಿವೆ. ಹಸಿರು ಹೊಲ, ಸಜ್ಜಿರೊಟ್ಟಿ, ಬನ್ನಿ ಮರದ ನೆರಳು. ಆ ಹೊಲದಲ್ಲಿ ಹಿಂಗಾರಿಯಿಡೀ ದುಡಿದ ನಾವು ಊಟಕ್ಕೆ ಬದುವಿನ ಆಚೆ ಕೂಡುತ್ತಿದ್ದೆವು. ಊಟ ರುಚಿಯಾಗಿಯೇ ಇರುತ್ತಿತ್ತು. ಹಸಿರೂ ಚಂದವೇ ಇತ್ತು. ಸುಳ್ಳು ಯಾಕೆ ಹೇಳಲಿ? ಚಂದ ಇದ್ದುದಕ್ಕೇ ಬದುವಿನ ಆಚೆ ಕೂತದ್ದು ಹೆಚ್ಚು ನೋಯುತ್ತಿತ್ತು.

ಈ ಪ್ರಶ್ನೆಗಳು ಇವತ್ತು ಇನ್ನಷ್ಟು ಜರೂರು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಟಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾದವು. ಬರಗಾಲದ ಸೀಮೆ ಎಂದೇ ಹೆಸರಾದ ಇಲ್ಲಿಗೆ ಕೃಷ್ಣೆಯ ನೀರು ಏತ ನೀರಾವರಿಯಿಂದ ಬಂದು ಕೆರೆಗಳು ತುಂಬಿವೆ. ಮುಹಮ್ಮದ್ ಆದಿಲ್‌ಶಾಹನ ಕಾಲದ ಮಮದಾಪುರ ಕೆರೆಯಲ್ಲಿ ತೆರೆ ಏಳುವುದನ್ನು ನೋಡಲು ಮಂದಿ ಹೋಗುತ್ತಾರೆ. ಟಿಕೋಟಾದ ಸುತ್ತ ದ್ರಾಕ್ಷಿ ಪಡಗಳು ಹಬ್ಬಿವೆ. ಎಪ್ಪತ್ತೆರಡರ ಬರದಲ್ಲಿ ಗುಳೆ ಹೋದವರ ಮಕ್ಕಳಿಗೆ ಇದು ಸಣ್ಣ ಮಾತಲ್ಲ, ನನಗೂ ಖುಷಿಯೇ. ಜತೆಗೇ ಹೊಸ ನಿಸರ್ಗ ಕಾವ್ಯವೂ ಬರುತ್ತಿದೆ. ತುಂಬಿದ ಕೆರೆ, ಹಸಿರು ಬಳ್ಳಿ, ಬಂದ ಹಕ್ಕಿ, ಹೋದ ಬರ. ಆ ಪದ್ಯಗಳನ್ನು ಓದುವಾಗ ಬಳ್ಳಿಯ ಕೆಳಗೆ ಕತ್ತು ಮೇಲೆತ್ತಿ ದಿನವಿಡೀ ಚಾಟ್ನಿ ಮಾಡುವ, ಗೊನೆಗಳನ್ನು ಒಂದೊಂದಾಗಿ ಔಷಧಿಯಲ್ಲಿ ಅದ್ದುವ ಹೆಣ್ಣುಮಕ್ಕಳನ್ನು ಹುಡುಕುತ್ತೇನೆ. ಹೆಚ್ಚಾಗಿ ಸಿಗುವುದಿಲ್ಲ. ಕೆರೆ ತುಂಬಿತು ನಿಜ. ಆದರೆ ಆ ನೀರು ಹರಿಯುವ ಹೊಲ ಯಾರ ಹೆಸರಿಗಿದೆ ಎಂದು ಕೇಳದೆ ಬರೆದ ಶಾಂತಿ, ನವೋದಯದ ಹಳೆಯ ಶಾಂತಿಯೇ ಹನಿ ನೀರಾವರಿಯಲ್ಲಿ ಮತ್ತೆ ಚಿಗುರಿದಂತೆ.

ಈಗ ಆ ಹುಡುಗಿಯ ಕವನಕ್ಕೆ ತಿರುಗಿ ಬರುತ್ತೇನೆ. ಆಮೇಲೆ ಅವಳಿಂದ ಕವನ ಕೇಳಿ ಪಡೆದು ಓದಿದೆ. ಗೋಷ್ಠಿಯಲ್ಲಿ ನಮ್ಮ ಕಿವಿಗೆ ಬೀಳದ ಒಂದು ವಿವರ ಅದರಲ್ಲಿತ್ತು. ಮಳೆ ಬಂದ ಕೂಡಲೇ ಅವ್ವ ಮನೆಯೊಳಗಿನ ಕೊಡ, ಬಿಂದಿಗೆ, ತಂಬಿಗೆ, ಕಡೆಗೆ ಚಹಾ ಕುಡಿಯುವ ಬಟ್ಟಲನ್ನೂ ತಂದು ತಗಡಿನ ಅಂಚಿನ ಕೆಳಗೆ ಸಾಲಾಗಿ ಇಡುತ್ತಾಳೆ. ಇಟ್ಟು, ಬೇವಿನ ಕೆಳಗೆ ಹೋಗಿ ತೋಯಿಸಿಕೊಳ್ಳುತ್ತ ಸುಮ್ಮನೆ ಕೂಡುತ್ತಾಳೆ. ಯಾರನ್ನೂ ಕರೆಯುವುದಿಲ್ಲ, ಯಾರಿಗೂ ಕಾಯುವುದಿಲ್ಲ.

ನನ್ನ ಆಯಿಯ ಕೊಡ ನೆನಪಾಯಿತು. ಮೇಲಿನಿಂದ ಯಾರಾದರೂ ಸುರಿಯಲಿ ಎಂದು ತಲೆಮಾರುಗಟ್ಟಲೆ ಕಾದವರಿಗೆ, ಕೇಳದೆ ಮೇಲಿನಿಂದ ಸುರಿಯುವ ನೀರು ಮಳೆ ಒಂದೇ. ಆ ಹುಡುಗಿಗೆ ಊರ ಬಾವಿಯ ಕಾಲ ಗೊತ್ತಿರಲಿಕ್ಕಿಲ್ಲ, ಅವಳ ಓಣಿಗೆ ನಳ ಬಂದಿರಬಹುದು. ಆದರೆ ಅವ್ವನ ಕೈಗೆ ಗೊತ್ತಿದೆ, ಬಟ್ಟಲನ್ನೂ ಬಿಡದೆ ಹೊರಗಿಟ್ಟ ಆ ಕೈಗೆ. ಅಧ್ಯಕ್ಷರು ಕಂಡ ನಿಸರ್ಗದ ಚೆಲುವು ಅದರಲ್ಲಿ ಇತ್ತು. ಗೆಳೆಯ ಹುಡುಕಿದ ದಲಿತ ಪ್ರಜ್ಞೆಯೂ ಇತ್ತು. ಎರಡೂ ಒಂದೇ ಬಟ್ಟಲಿನಲ್ಲಿ ಇದ್ದುದರಿಂದ ಇಬ್ಬರಿಗೂ ಕಾಣಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಒಂದು ವೇಳೆ ಆ ಬಟ್ಟಲು ಕವನದಲ್ಲಿ ಇರದಿದ್ದರೆ? ಬರೀ ಮಳೆ, ಬರೀ ಬೇವು ಇದ್ದಿದ್ದರೆ? ಆಗ ಕವನ ಇಷ್ಟು ಗಟ್ಟಿಯಾಗುತ್ತಿರಲಿಲ್ಲ ಎಂದು ಹೇಳುವ ಹಕ್ಕು ವಿಮರ್ಶಕನಿಗಿದೆ. ನಿನಗೆ ಮಳೆ ಬರೆಯುವ ಹಕ್ಕಿಲ್ಲ ಎಂದು ಹೇಳುವ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ, ನಮ್ಮವನಿಗಂತೂ ಮೊದಲೇ ಇಲ್ಲ. ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಎತ್ತಿದ ಬೊಗಸೆ ಬರೀ ನೀರಡಿಕೆಗಾಗಿ ಎತ್ತಿದ್ದಲ್ಲ. ನಾವೂ ಇತರರಂತೆ ಮನುಷ್ಯರು ಎಂದು ತೋರಿಸಲು ಎತ್ತಿದ್ದು. ಕೆರೆಯ ನೀರು ಕುಡಿಯುವ ಹಕ್ಕಿನ ಜತೆಗೆ ಕೆರೆಯ ದಂಡೆಯ ಮೇಲೆ ಕೆಲಸವಿಲ್ಲದೆ ಸ್ವಲ್ಪ ಹೊತ್ತು ಕೂಡುವ ಹಕ್ಕೂ ಆ ಬೊಗಸೆಯಲ್ಲಿತ್ತು ಎಂದು ನಾನು ತಿಳಿದಿದ್ದೇನೆ.

ಆ ಹುಡುಗಿ ಈಗಲೂ ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಈ ಸಂಚಿಕೆ ಟಿಕೋಟಾದ ಕಡೆ ಹೋದರೆ, ಅವಳ ಕೈಗೆ ಸಿಕ್ಕರೆ, ಅಂದು ನಕ್ಕವರಲ್ಲಿ ಒಬ್ಬನ ಉತ್ತರ ಇದು: ನಮ್ಮ ಓಣಿಯೊಳಗೂ ಮಳೆ ಬರುತ್ತದೆ ತಂಗೀ. ನೀನು ಬರಿ. ಓದುವುದನ್ನು ನಾವು ಕಲೀತೀವಿ.